ನೂರಕ್ಕೆ ನೂರು ರಿಸಲ್ಟ್ ಕೇಳುವ ಮೊದಲು ಈ ಹೈಸ್ಕೂಲನ್ನು ಒಮ್ಮೆ ನೋಡಿ ಬನ್ನಿ

ಉಡುಪಿಯಲ್ಲಿ ಹೈಸ್ಕೂಲು ಹುಡುಕುವವರಿಗೆ, ಅದರಲ್ಲೂ ಓದ್ಲಿಕ್ಕೆ ಬರೀಲಿಕ್ಕೆ ಕಷ್ಟ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಅಂತ ಈ ಶಾಲೆಯ ರಿವ್ಯೂ ಬರೀತಾ ಇದ್ದೇನೆ. ನನ್ನ ದೊಡ್ಡ ಮಗ ಈ ಶಾಲೆಗೆ 2022ರ ಜೂನಲ್ಲಿ ಎಂಟನೇ ಕ್ಲಾಸಿಗೆ ಸೇರಿದ್ದು, 2025ರ ಮಾರ್ಚಲ್ಲಿ ಎಸ್ಸೆಸ್ಸೆಲ್ಸಿ ಬರೆದ. ಮೂರು ವರ್ಷ ನಾನು ಈ ಶಾಲೆಯ ಗೇಟು, ಆಫೀಸು, ಮೀಟಿಂಗು ಎಲ್ಲ ನೋಡಿದವಳು, ಒಂದೆರಡು ಸಲ ಜೋರು ಮಾತಾಡಿ ಬಂದವಳೂ ಹೌದು, ಹಾಗಾಗಿ ಒಳ್ಳೇದು ಕೆಟ್ಟದ್ದು ಎರಡೂ ಹೇಳ್ತೇನೆ. ಕನ್ನಡ ಮೀಡಿಯಂ, ಅನುದಾನಿತ ಶಾಲೆ, ಎಂಟು ಒಂಬತ್ತು ಹತ್ತು ಅಷ್ಟೇ ಇರುದು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದೆ ಒಂದು ಹೊಸ ಆರ್‌ಸಿಸಿ ಕಟ್ಟಡ, ಎದುರಿಗೆ ಗ್ರೌಂಡು. ಹೊರಗಿಂದ ನೋಡಿದ್ರೆ ವಿಶೇಷ ಎಂತದ್ದೂ ಕಾಣುದಿಲ್ಲ.

ಮಗನಿಗೆ ಇರುದು ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಇದ್ರೂ ಅಕ್ಷರ ಓದ್ಲಿಕ್ಕೆ ಬರೀಲಿಕ್ಕೆ ಕಷ್ಟ ಆಗುದು. ಗೊತ್ತಾಗುವಾಗ್ಲೇ ಐದನೇ ಕ್ಲಾಸು ಮುಗಿದಿತ್ತು, ಅಲ್ಲಿವರೆಗೆ ಉದಾಸೀನ, ಮೊಬೈಲ್ ಜಾಸ್ತಿ, ಮನೆಯಲ್ಲಿ ಕೂತ್ಕೊಂಡು ಓದಿಸುದಿಲ್ಲ ಅಂತ ಎಲ್ಲರದ್ದೂ ಒಂದೊಂದು ಮಾತು. ಅವನ ಅಪ್ಪ ಮಲ್ಪೆ ಬೋಟಲ್ಲಿ ದುಡಿಯುದು, ಸಮುದ್ರಕ್ಕೆ ಹೋದ್ರೆ ವಾರಗಟ್ಟಲೆ ಬರ್ಲಿಕ್ಕಿಲ್ಲ, ನಾನು ಮೆಡಿಕಲ್ ಶಾಪಲ್ಲಿ ಕೌಂಟರಲ್ಲಿ ನಿಲ್ಲುವವಳು, ರಾತ್ರಿ ಬರುವಾಗ ಎಂಟು ಗಂಟೆ. ಹಾಗಾಗಿ ಆ ಮಾತೆಲ್ಲ ನಿಜ ಅಂತ್ಲೇ ನಾವೂ ನಂಬಿದ್ದೆವು. ಆದ್ರೆ ಇದೇ ಹುಡುಗ ಮೀನು ಮಾರ್ಕೆಟಲ್ಲಿ ಎರಡೂವರೆ ಕೆಜಿ ಬಂಗುಡೆಗೆ ಎಷ್ಟಾಯ್ತು ಅಂತ ನಾನು ಫೋನ್ ತೆಗೆಯುವ ಮೊದಲು ಹೇಳ್ತಿದ್ದ. ಪುಸ್ತಕ ಎದುರು ಇಟ್ರೆ ಮಾತ್ರ ಮುಗೀತು, ‘ಪ’ ಮತ್ತೆ ‘ವ’ ಒಂದೇ ಅವನಿಗೆ, ‘ಮ’ ಮತ್ತೆ ‘ವು’ ಒಂದೇ, ‘ದ’ ‘ಧ’ಕ್ಕೆ ಕೆಳಗಿನ ಒಂದು ಸಣ್ಣ ಸೀಳು ಬಿಟ್ರೆ ಎಂತ ವ್ಯತ್ಯಾಸ ಅಂತ ಅವನು ನನ್ನನ್ನೇ ಕೇಳ್ತಿದ್ದ, ಒತ್ತಕ್ಷರ ಬಂದಲ್ಲಿ ಗಂಟಲು ಕಟ್ಟಿದ ಹಾಗೆ ನಿಂತೇ ಬಿಡ್ತಿದ್ದ.

ಏಳನೇ ಕ್ಲಾಸಿನವರೆಗೆ ಓದಿದ್ದು ಬೇರೆ ಕಡೆ, ಒಂದು ಇಂಗ್ಲಿಷ್ ಮೀಡಿಯಂ ಶಾಲೆ. ಹೆಸರು ಬೇಡ. ಏಳನೇ ಕ್ಲಾಸು ಮುಗಿಯುವಾಗ ಕರೆದು ಹೇಳಿದ್ರು, “ನಮ್ಮಲ್ಲಿ ಹತ್ತನೇ ಕ್ಲಾಸಿಗೆ ವರ್ಷಾ ವರ್ಷಾ ನೂರಕ್ಕೆ ನೂರು ಬರ್ತಾ ಉಂಟು, ನಿಮ್ಮ ಮಗನಿಗೇ ಕಷ್ಟ ಆಗ್ತದೆ, ಟಿಸಿ ತಕೊಂಡು ಹೋಗಿ, ಅವನಿಗೆ ಒಳ್ಳೇದು” ಅಂತ. ಬೈದು ಹೇಳಿದ್ರೆ ಸಿಟ್ಟಾದ್ರೂ ಬರ್ತಿತ್ತು, ಅವರು ತುಂಬ ಚಂದ ಮಾಡಿ ಹೇಳಿದ್ರು. ನಾನು ಹೊರಗೆ ಬಂದು ಸ್ಕೂಟಿ ಹತ್ರ ನಿಂತು ಅತ್ತಿದ್ದೇನೆ. ಆವಾಗ ನನಗೆ ಗೊತ್ತಿರಲಿಲ್ಲ, ಅಂಗವಿಕಲರ ಹಕ್ಕುಗಳ ಕಾಯ್ದೆ ಅಂತ 2016ರದ್ದು ಒಂದು ಉಂಟು, ಮೊದಲಿನ 1995ರ ಕಾಯ್ದೆಯಲ್ಲಿ 7 ನ್ಯೂನತೆ ಇದ್ದದ್ದು ಇದರಲ್ಲಿ 21 ಆಗಿದೆ, ಅದರಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕೆಯ ನ್ಯೂನತೆಯೂ ಸೇರಿದೆ, ಹೀಗೆ ಕಾರಣ ಹೇಳಿ ಮಕ್ಕಳನ್ನು ಬೇಡ ಅನ್ಲಿಕ್ಕೆ ಶಾಲೆಗೆ ಆಗುದಿಲ್ಲ ಅಂತ. ಗೊತ್ತಿದ್ದಿದ್ರೆ ಅಷ್ಟು ತಲೆ ತಗ್ಗಿಸಿ ಬರ್ತಿರಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟ್ ಬಂದ್ ಅಲ್ವಾ, ಹಾಗಾಗಿ ಅಡ್ಮಿಶನ್ ಹೊತ್ತಿಗೆ ಅವನ ಅಪ್ಪ ಊರಲ್ಲೇ ಇದ್ರು, ಇಬ್ಬರೂ ಮಗನನ್ನು ಕರ್ಕೊಂಡು ಈ ಶಾಲೆಗೆ ಹೋದೆವು. ಜೋರು ಮಳೆ. ಹೆಡ್ ಟೀಚರ್ ನಮ್ಮ ಫೈಲು ಎಲ್ಲ ಬದಿಗೆ ಇಟ್ಟು ಮೊದಲು ಮಗನತ್ರ ಮಾತಾಡಿದ್ರು, ತುಳುವಲ್ಲೇ, “ದಾನೆ ಮಗಾ, ನಿನಗೆ ಎಂತ ಮಾಡಿದ್ರೆ ಖುಷಿ ಆಗ್ತದೆ” ಅಂತ. ಅವನು ನನ್ನ ಮುಖ ನೋಡಿದ. ಅಷ್ಟು ವರ್ಷದಲ್ಲಿ ಶಾಲೆಯಲ್ಲಿ ಒಬ್ಬರು ಅವನಿಗೆ ಕೇಳಿದ ಮೊದಲ ಪ್ರಶ್ನೆ ಅದು ಇರಬೇಕು, ಉತ್ತರ ಇಲ್ಲದ ಪ್ರಶ್ನೆ ಅಲ್ಲ, ಗೊತ್ತಿರುವ ಪ್ರಶ್ನೆ. ಬೋಟಿನ ಇಂಜಿನ್ ಬಿಚ್ಚುದು ನೋಡುದಂದ್ರೆ ಇಷ್ಟ ಅಂತ ಹೇಳಿದ. ಆಮೇಲೆ ನಾನು ಹಿಂದಿನ ಶಾಲೆಯ ಕಥೆ ಹೇಳಿದೆ, ರಿಸಲ್ಟಿಗೆ ತೊಂದರೆ ಆಗ್ತದೋ ಏನೋ ಅಂತ ನಾನೇ ಹೆದರಿ ಹೇಳಿದ್ದು. ಟೀಚರ್ ಹೇಳಿದ್ದು ಇಷ್ಟೇ, “ಅದು ನಮ್ಮ ಕೆಲಸ ಅಮ್ಮ, ನಿಮ್ಮ ಮಗನ ಕೆಲಸ ಅಲ್ಲ.”

ಈ ಮಾತಿನ ತೂಕ ಹೊರಗಿನ ಜಿಲ್ಲೆಯವರಿಗೆ ಗೊತ್ತಾಗ್ಲಿಕ್ಕಿಲ್ಲ. ನಮ್ಮ ಉಡುಪಿ ದಕ್ಷಿಣ ಕನ್ನಡ ಎರಡೂ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ಯಾರು ಫಸ್ಟು ಅಂತ ಪೈಪೋಟಿ. 2024ರಲ್ಲಿ ಉಡುಪಿ ಶೇಕಡ 94 ಬಂದು ಫಸ್ಟು, ದಕ್ಷಿಣ ಕನ್ನಡ 92.12 ಬಂದು ಸೆಕೆಂಡು, 2025ರಲ್ಲಿ ಅವರು 91.12ರಲ್ಲಿ ಮೇಲೆ, ನಾವು 89.96ರಲ್ಲಿ ಕೆಳಗೆ. ಪೇಪರಲ್ಲಿ ನೋಡ್ಲಿಕ್ಕೆ ಚಂದ, ನಮಗೂ ಹೆಮ್ಮೆಯೇ. ಆದ್ರೆ ಆ ಪಾಯಿಂಟ್ ಲೆಕ್ಕ ಶಾಲೆಯ ಮಟ್ಟಕ್ಕೆ ಇಳಿದಾಗ ಕೆಲವು ಕಡೆ ನನ್ನ ಮಗನ ಹಾಗಿರುವ ಮಕ್ಕಳು ಏಳರಲ್ಲೋ ಒಂಬತ್ತರಲ್ಲೋ ಮೆಲ್ಲ ಹೊರಗೆ ಹೋಗ್ತಾರೆ. ಹೊರಗೆ ಹೋದವರು ಶೇಕಡಾವಾರಲ್ಲಿ ಎಲ್ಲಿಯೂ ಬರುದಿಲ್ಲ. ಒಂದು ಶಾಲೆಗೆ ನೂರು ಬಂದಿದೆ ಅಂದ್ರೆ ಎಂಟಕ್ಕೆ ಸೇರಿದವರು ಎಷ್ಟು, ಹತ್ತರಲ್ಲಿ ಬರೆದವರು ಎಷ್ಟು ಅಂತ ಕೇಳಿ, ನಾನು ಈಗ ಎಲ್ಲರಿಗೂ ಅದನ್ನೇ ಹೇಳುದು. ಈ ಶಾಲೆಯಲ್ಲಿ ಮಗನ ಜೊತೆ ಎಂಟಕ್ಕೆ ಸೇರಿದವರಲ್ಲಿ ಊರು ಬಿಟ್ಟು ಹೋದವರನ್ನು ಬಿಟ್ರೆ ಎಲ್ಲರೂ ಹತ್ತನೇ ಪರೀಕ್ಷೆ ಬರೆದರು. ನೂರು ಬರಲಿಲ್ಲ, ಇಬ್ಬರು ಫೇಲಾದರು. ಪರೀಕ್ಷೆ ಒಂದು ಎರಡು ಮೂರು ಅಂತ ಮೂರು ಅವಕಾಶ ಕೊಡುದು 2024ರಿಂದ ಶುರುವಾಗಿದೆ ಅಲ್ವಾ, ಟೀಚರ್‌ಗಳು ಮೇ ತಿಂಗಳ ಸೆಖೆಯಲ್ಲಿ ಆ ಇಬ್ಬರನ್ನು ಕೂರಿಸ್ಕೊಂಡು ಪಾಠ ಮಾಡಿದರು, ಒಬ್ಬ ಪರೀಕ್ಷೆ ಎರಡರಲ್ಲಿ, ಇನ್ನೊಬ್ಬಳು ಮೂರರಲ್ಲಿ ಪಾಸು.

ಇನ್ನು ಪಾಠದ ವಿಷಯ. ಇಂಗ್ಲಿಷ್ ಮೀಡಿಯಂನಿಂದ ಎಂಟಕ್ಕೆ ಕನ್ನಡ ಮೀಡಿಯಂಗೆ ಹಾಕುದು ಸರಿಯಾ ಅಂತ ನಮ್ಮ ಮನೆಯವರೇ ಬೊಬ್ಬೆ ಹೊಡೆದಿದ್ರು. ಓದ್ಲಿಕ್ಕೆ ಕಷ್ಟ ಆದದ್ದು ಹೌದು, ಆದ್ರೆ ಕೇಳಿದ್ದು ಅರ್ಥ ಆಗ್ಲಿಕ್ಕೆ ಶುರುವಾಯ್ತು, ವಿಜ್ಞಾನ ಟೀಚರ್ ಮಧ್ಯೆ ಮಧ್ಯೆ ತುಳುವಲ್ಲಿ ಬಿಡಿಸಿ ಹೇಳ್ತಿದ್ರು, ಅವನು ಮನೆಗೆ ಬಂದು ತಂಗಿಗೆ ಪಾಠ ಮಾಡ್ತಿದ್ದ. ಕನ್ನಡ ಟೀಚರ್ ಮಾಡಿದ ಒಂದು ಉಪಾಯ ಹೇಳ್ಲೇಬೇಕು. ಹಳೇ ಮದುವೆ ಕಾಗದ ಒಂದರಲ್ಲಿ ಬ್ಲೇಡಿನಿಂದ ಒಂದು ಗೆರೆ ಕಾಣುವಷ್ಟೇ ಉದ್ದದ ಕಿಂಡಿ ಕೊರೆದು ಕೊಟ್ಟರು. ಅದನ್ನು ಪುಸ್ತಕದ ಮೇಲೆ ಇಟ್ರೆ ಮೇಲಿನ ಸಾಲೂ ಇಲ್ಲ, ಕೆಳಗಿನ ಸಾಲೂ ಇಲ್ಲ, ಎದುರಿಗೆ ಒಂದೇ ಸಾಲು. ಓದಿದ ಹಾಗೆ ಕೆಳಗೆ ಜಾರಿಸ್ತಾ ಹೋಗುದು. ಖರ್ಚು ಎಂತದ್ದೂ ಇಲ್ಲ. ಮೂರು ವರ್ಷ ಅದು ಅವನ ಬ್ಯಾಗಲ್ಲಿ ಇತ್ತು, ಬೆರಳು ತಾಗಿ ತಾಗಿ ಅಂಚು ಕಪ್ಪಾಗಿ, ಒಂದು ಮೂಲೆಯಲ್ಲಿ ಗಣಪತಿಯ ಅರ್ಧ ಸೊಂಡಿಲು ಮಾತ್ರ ಉಳಿದಿದೆ. ಎರಡು ಸಲ ಹೊಸದು ಮಾಡಿ ಕೊಡ್ತೇನೆ ಅಂದ್ರೂ ಬೇಡ ಅಂದ. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದು, ಕ್ಲಾಸಲ್ಲಿ ಎಲ್ಲರ ಎದುರು ಎದ್ದು ನಿಲ್ಲಿಸಿ ಓದಿಸುದು ಅವನಿಗೆ ಇರಲಿಲ್ಲ. ಓದಿಸುದಿದ್ರೆ ಹಿಂದಿನ ದಿನವೇ ಯಾವ ಪ್ಯಾರಾ ಅಂತ ಹೇಳಿ ಕಳಿಸ್ತಿದ್ರು. ರಾತ್ರಿ ನಾವಿಬ್ಬರೂ ಕೂತು ಹತ್ತು ಸಲ ಓದುದು, ಮರುದಿನ ಅವನು ಮೆಲ್ಲಗಾದ್ರೂ ಓದಿ ಕೂತ್ಕೊಳ್ಳುದು.

ಬರೇ ನನ್ನ ಮಗನ ಕಥೆ ಅಲ್ಲ ಇದು. ಕೆಳಗಿನ ಕ್ಲಾಸಲ್ಲಿ ವೀಲ್ ಚೇರಲ್ಲಿ ಬರುವ ಒಬ್ಬ ಹುಡುಗ ಇದ್ದ. ಶಾಲೆಗೆ ರ‍್ಯಾಂಪ್ ಇತ್ತು, ಯಾವಾಗಲೋ ಯಾರೋ ಕಾಂಟ್ರಾಕ್ಟರ್ ಕಟ್ಟಿಸಿದ್ದು, ಫೋಟೋಗೆ ರ‍್ಯಾಂಪ್ ಅಂತ ಆಗ್ತದೆ, ಹತ್ತಲಿಕ್ಕೆ ಆಗುದಿಲ್ಲ, ಹಿಂದಿನಿಂದ ಇಬ್ಬರು ದೂಡಬೇಕು, ಇಳಿಯುವಾಗ ಇನ್ನೂ ಹೆದರಿಕೆ. ಗಣಿತ ಮಾಸ್ಟ್ರು ಎಂತ ಮಾಡಿದ್ರು ಅಂದ್ರೆ ಹತ್ತನೇ ಕ್ಲಾಸಿನವರಿಗೆ ಟ್ರಿಗನಾಮೆಟ್ರಿ ಪಾಠ ಬಂದಾಗ ಟೇಪು ಕೊಟ್ಟು ಹೊರಗೆ ಕಳಿಸಿದ್ರು. ಜಗಲಿಯ ಎತ್ತರ 2 ಅಡಿ, ನೆಲದ ಮೇಲೆ ರ‍್ಯಾಂಪಿನ ಉದ್ದ 7 ಅಡಿ. ಮಕ್ಕಳೇ ಲೆಕ್ಕ ಮಾಡಿದ್ರು, ಕೋನ ಹತ್ತಿರ ಹತ್ತಿರ 16 ಡಿಗ್ರಿ. ನಿಯಮ ಇರುದು ಒಂದಡಿ ಎತ್ತರಕ್ಕೆ 12 ಅಡಿ ಉದ್ದ, ಅಂದ್ರೆ ಇಲ್ಲಿ 24 ಅಡಿ ಬೇಕು, ಕೋನ 5 ಡಿಗ್ರಿಗಿಂತಲೂ ಕಮ್ಮಿ. ಮಕ್ಕಳು ಡ್ರಾಯಿಂಗ್ ಶೀಟಲ್ಲಿ ಚಿತ್ರ ಬರೆದು, ಹಳೇದು ಕೆಂಪಲ್ಲಿ, ಆಗಬೇಕಾದ್ದು ಹಸುರಲ್ಲಿ, ರಕ್ಷಕ ಶಿಕ್ಷಕ ಸಂಘದ ಮೀಟಿಂಗಲ್ಲಿ ನಮಗೆಲ್ಲ ತೋರಿಸಿದ್ರು. ಆ ವೀಲ್ ಚೇರಿನ ಹುಡುಗನೇ ಟೇಪಿನ ಒಂದು ತುದಿ ಹಿಡಿದು ಅಳತೆ ಹೇಳಿದ್ದು. ಹಳೆ ವಿದ್ಯಾರ್ಥಿ ಸಂಘದವರು ಅಲ್ಲೇ ಒಪ್ಪಿಕೊಂಡರು, ಒಬ್ಬ ತಂದೆ ಗಾರೆ ಕೆಲಸದವರು ಕೂಲಿ ಬೇಡ ಅಂದ್ರು, ದಸರಾ ರಜೆಯಲ್ಲಿ ಮಧ್ಯೆ ಒಂದು ತಿರುವು ಕೊಟ್ಟು 24 ಅಡಿಯ ರ‍್ಯಾಂಪ್ ಕಟ್ಟಿ ಆಯ್ತು, ಎರಡೂ ಬದಿಗೆ ಪೈಪಿನ ಕೈತಾಂಗು. ರಜೆ ಮುಗಿದು ಶಾಲೆ ಶುರುವಾದ ದಿನ ಆ ಹುಡುಗ ಒಬ್ಬನೇ ಹತ್ತಿದ, ಇಳಿದ, ಮತ್ತೆ ಹತ್ತಿದ, ಬೆಲ್ ಹೊಡೆದ್ರೂ ಯಾರೂ ಅವನಿಗೆ ಕ್ಲಾಸಿಗೆ ಬಾ ಅಂತ ಹೇಳಲಿಲ್ಲ ಅಂತೆ. ನನ್ನ ಮಗ ಇದನ್ನು ಊಟಕ್ಕೆ ಕೂತಾಗ ಹೇಳಿದ್ದು, ಅನ್ನ ಕಲಸಿ ಇಟ್ಟು ಹೇಳ್ತಾನೇ ಇದ್ದ. ಮಳೆಗಾಲದಲ್ಲಿ ಮಾತ್ರ ಅದಕ್ಕೆ ಪಾಚಿ ಹಿಡಿದು ಜಾರ್ತದೆ, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಬೇಕು, ಒಂದು ವಾರ ಬಿಟ್ರೂ ಅಪಾಯ, ಇದನ್ನು ಶಾಲೆಯವರು ಇನ್ನೂ ಸ್ವಲ್ಪ ಗಂಭೀರ ತಕೊಳ್ಳಬೇಕು.

ಕಿವಿಗೆ ಮೆಷಿನ್ ಹಾಕುವ ಒಬ್ಬಳು ಹುಡುಗಿ ತ್ರೋಬಾಲ್ ಟೀಮಲ್ಲಿ ಇದ್ದಳು. ಆಟದಲ್ಲಿ ಬೆವರಿಗೆ ಹಾಳಾಗ್ತದೆ ಅಂತ ಮೆಷಿನ್ ತೆಗೆದು ಇಡಬೇಕು, ಆಗ ವಿಶಿಲ್ ಕೇಳುದಿಲ್ಲ. ಪಿಟಿ ಮಾಸ್ಟ್ರು ವಿಶಿಲ್ ಹೊಡೆಯುವಾಗ ಕೆಂಪು ಕರ್ಚೀಫನ್ನೂ ಮೇಲೆ ಎತ್ತುದು, ಅದು ಎಷ್ಟು ಅಭ್ಯಾಸ ಆಗಿದೆ ಅಂದ್ರೆ ಅವಳು ಇಲ್ಲದ ದಿನವೂ ಕೈ ಮೇಲೆ ಹೋಗ್ತದೆ. ಕ್ಲಾಸಲ್ಲಿ ಟೀಚರ್‌ಗಳು ಬೋರ್ಡಿನ ಕಡೆ ತಿರುಗಿ ಮಾತಾಡ್ಲಿಕ್ಕಿಲ್ಲ, ಬರೆದು ಮುಗಿಸಿ ಈ ಕಡೆ ತಿರುಗಿ ಆಮೇಲೆ ಹೇಳುದು, ಅವಳಿಗೆ ತುಟಿ ಕಾಣಬೇಕಲ್ಲ. ಇದರಿಂದ ಉಳಿದವರಿಗೂ ಉಪಕಾರ ಆಯ್ತು, ನನ್ನ ಮಗನಿಗೆ ಬೋರ್ಡಿನದ್ದು ಬರ್ಕೊಳ್ಳಲಿಕ್ಕೆ ಸಮಯ ಸಿಕ್ಕಿತು.

ಪಾಠದ ಹೊರಗಿನ ಚಟುವಟಿಕೆಗಳ ಬಗ್ಗೆ ಹೇಳುದಾದ್ರೆ ಯಕ್ಷಗಾನದಿಂದಲೇ ಶುರು ಮಾಡಬೇಕು. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್‌ನವರು ಹೈಸ್ಕೂಲುಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುದು ನಿಮಗೆ ಗೊತ್ತಿರಬಹುದು. ಈ ಶಾಲೆಯಲ್ಲಿ ಸಂಜೆ ಹೊತ್ತು ಗುರುಗಳು ಬಂದು ಹೆಜ್ಜೆ ಹಾಕಿಸುದು, ಹುಡುಗರು ಹುಡುಗಿಯರು ಎಲ್ಲ ಒಟ್ಟಿಗೆ. ಮಗ ಮೊದಲು ಹೋಗ್ಲಿಕ್ಕೆ ಒಪ್ಪಲಿಲ್ಲ, ಅಲ್ಲಿಯೂ ಓದ್ಲಿಕ್ಕೆ ಇರ್ತದೆ ಅಂತ ಗ್ರಹಿಸಿದ್ದ. ನೋಡಿದ್ರೆ ಅಲ್ಲಿ ಪುಸ್ತಕವೇ ಇಲ್ಲ! ಗುರುಗಳು ಬಾಯಲ್ಲಿ ತಾಳ ಹೇಳುದು, ಮಕ್ಕಳು ಕಾಲಲ್ಲಿ ತೋರಿಸುದು, ಪದ್ಯ ಕೇಳುದು, ಅರ್ಥ ಮಾತಾಡುದು. ಕಿವಿಯಿಂದ ಕಲಿಯುವ ವಿದ್ಯೆ, ಅವನಿಗೆ ಕಿವಿಯೇ ಕಣ್ಣು. ಮಾತುಗಳನ್ನು ಗುರುಗಳು ಅವನ ಅಪ್ಪನ ಹಳೇ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೊಟ್ಟರು, ಅದನ್ನು ಹಾಕ್ಕೊಂಡು ಬಾವಿಕಟ್ಟೆಯಲ್ಲಿ ಕೂತು ಹೇಳ್ತಾ ಇರ್ತಿದ್ದ. ಒಂಬತ್ತನೇ ಕ್ಲಾಸಲ್ಲಿ ಅಭಿಮನ್ಯುವಿನ ಕಥೆ ಮಾಡಿದ್ರು, ಅಭಿಮನ್ಯು ಒಬ್ಬಳು ಹುಡುಗಿ, ಇವನಿಗೆ ದ್ರೋಣ. ಅವನ ಅಪ್ಪ ಬೋಟಿನ ತಂಡೇಲರ ಹತ್ರ ಕೇಳಿ ಆ ಟ್ರಿಪ್ಪಿಗೆ ಹೋಗದೆ ಉಳಿದ್ರು. ಚೌಕಿಯಲ್ಲಿ ಬಣ್ಣ ಹಾಕಿ ಕೂತಿದ್ದವನನ್ನು ನನಗೆ ಗುರ್ತ ಸಿಕ್ಕಲಿಲ್ಲ, ಗಡ್ಡ ಕಟ್ಟಿ ಕಿರೀಟ ಇಟ್ಟು, ಮಾತಾಡಿದ್ರೆ ಮುಖದ ಬಣ್ಣ ಒಡೀತದೆ ಅಂತ ಬರೇ ಕಣ್ಣಲ್ಲಿ ನಗಾಡಿದ. ರಂಗಕ್ಕೆ ಹೋಗಿ ಅಷ್ಟುದ್ದದ ಮಾತು, ಒಂದು ಕಡೆಯೂ ತಡೆಯಲಿಲ್ಲ. ಮಧ್ಯದಲ್ಲಿ ಒಬ್ಬ ಸಣ್ಣ ಹುಡುಗ ತನ್ನ ಮಾತು ಮರೆತು ನಿಂತುಬಿಟ್ಟ, ಚೆಂಡೆಯವರು ಕೈ ತಡೆದ್ರು, ಆಗ ದ್ರೋಣಾಚಾರ್ಯರೇ ಅವನ ಹತ್ರ ಹೋಗಿ ಏನೋ ಪ್ರಶ್ನೆ ಕೇಳಿದ ಹಾಗೆ ಮಾಡಿ ಅವನ ಮೊದಲ ಶಬ್ದ ಕೊಟ್ಟರು, ಹುಡುಗ ಹಿಡ್ಕೊಂಡ, ಆಟ ಮುಂದೆ ಹೋಯ್ತು. ಗುರುಗಳು ಆಮೇಲೆ ಹೇಳಿದ್ರು, ಇವನಿಗೆ ಎಲ್ಲರ ಮಾತೂ ಬಾಯಿಪಾಠ ಉಂಟು ಅಮ್ಮ, ಪ್ರಾಕ್ಟೀಸಲ್ಲಿ ಕೇಳಿಯೇ ಕಲ್ತದ್ದು. ಓದ್ಲಿಕ್ಕೆ ಬರುದಿಲ್ಲ ಅಂತ ಟಿಸಿ ಕೊಟ್ಟ ಹುಡುಗ ಇವನು.

ಉಳಿದ ಚಟುವಟಿಕೆಯೂ ಉಂಟು. ಪ್ರತಿಭಾ ಕಾರಂಜಿಗೆ ಕಳಿಸುವಾಗ ಕಳೆದ ವರ್ಷ ಹೋದವರನ್ನೇ ಮತ್ತೆ ಕಳಿಸದೆ ಕ್ಲಾಸಲ್ಲಿ ಎಲ್ಲರಿಗೂ ಒಂದು ಸುತ್ತು ಮಾಡ್ತಾರೆ, ಇದು ಸಣ್ಣ ವಿಷಯ ಅಲ್ಲ. ಮಂಗಳೂರಿನ ಪಿಲಿಕುಳಕ್ಕೆ ಕರ್ಕೊಂಡು ಹೋಗಿದ್ರು, ಅಲ್ಲಿಯ ತಾರಾಲಯ 2018ರಲ್ಲಿ ಶುರುವಾದದ್ದು, 3ಡಿ, ಕನ್ನಡಕ ಹಾಕಿ ನೋಡುದು. ಶನಿಯ ಉಂಗುರ ಮೂಗಿನ ಹತ್ರ ಬಂತು ಅಂತ ಮಗ ಒಂದು ವಾರ ಹೇಳಿದ. ಆ ವೀಲ್ ಚೇರ್ ಹುಡುಗನಿಗೋಸ್ಕರ ಬಸ್ಸಿನ ಎದುರಿನ ಸೀಟು ಇಟ್ಟು ಅವನ ಅಮ್ಮನನ್ನೂ ಕರ್ಕೊಂಡು ಹೋಗಿದ್ರು, ಮನೆಯಲ್ಲಿ ಬಿಟ್ಟು ಹೋಗಲಿಲ್ಲ. ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಅಂತ ಇರುವ ಕೇಂದ್ರದ ಸ್ಕಾಲರ್‌ಶಿಪ್ ಪರೀಕ್ಷೆಗೆ ಬೆಳಿಗ್ಗೆ ಬೇಗ ಕೋಚಿಂಗ್ ಕೊಡ್ತಾರೆ. ಇದರ ಬಗ್ಗೆ ತುಂಬ ಜನಕ್ಕೆ ಗೊತ್ತಿಲ್ಲ. ಸರಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಇರುದು, ಮನೆಯ ವರ್ಷದ ವರಮಾನ ಮೂರೂವರೆ ಲಕ್ಷಕ್ಕಿಂತ ಜಾಸ್ತಿ ಇರಬಾರದು, ಸಿಕ್ಕಿದ್ರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000, ಒಟ್ಟು 48,000. ಮಗನ ಬ್ಯಾಚಲ್ಲಿ ಇಬ್ಬರಿಗೆ ಬಂತು, ಒಬ್ಬಳ ಅಮ್ಮ ನನ್ನ ಹಾಗೆಯೇ ಅಂಗಡಿ ಕೆಲಸದವರು, ಫೋನ್ ಮಾಡಿ ಅತ್ತೇ ಬಿಟ್ರು. ಮಕ್ಕಳ ವಿಜ್ಞಾನದ ಐಡಿಯಾಕ್ಕೆ ಕೊಡುವ ಇನ್‌ಸ್ಪೈರ್ ಅವಾರ್ಡಿಗೂ ಹೆಸರು ಕಳಿಸ್ತಾರೆ, ಆಯ್ಕೆ ಆದ್ರೆ ಮಾಡೆಲ್ ಮಾಡ್ಲಿಕ್ಕೆ 10,000 ಸಿಗ್ತದೆ, ಒಬ್ಬಳು ಹುಡುಗಿಗೆ ಒಣಮೀನು ಒಣಗಿಸುವ ಪೆಟ್ಟಿಗೆಯ ಐಡಿಯಾಕ್ಕೆ ಬಂದಿತ್ತು.

ಹತ್ತನೇ ಕ್ಲಾಸಿನ ಪರೀಕ್ಷೆ ಬಗ್ಗೆ ವಿವರ ಹೇಳ್ತೇನೆ, ಬೇರೆಯವರಿಗೆ ಉಪಯೋಗ ಆಗಬಹುದು. ಕಲಿಕಾ ನ್ಯೂನತೆಯ ಸರ್ಟಿಫಿಕೇಟು ಎಂಟು ವರ್ಷ ಆದ ಮೇಲೆಯೇ ಕೊಡುದು, ಆಮೇಲೆ 14ನೇ ವಯಸ್ಸಿಗೆ ಒಮ್ಮೆ, 18ಕ್ಕೆ ಒಮ್ಮೆ ಪುನಃ ಟೆಸ್ಟ್ ಮಾಡಿಸಬೇಕು. 14 ಅಂದ್ರೆ ಸರೀ ಎಂಟು ಒಂಬತ್ತರ ಹೊತ್ತು, ಹಳೇ ಕಾಗದ ಉಂಟಲ್ಲ ಅಂತ ನಾವು ಸುಮ್ಮನೆ ಇರ್ತೇವೆ, ಹತ್ತಕ್ಕೆ ಬಂದ ಮೇಲೆ ಓಡಾಟ. ನನಗೆ ಇದನ್ನು ನೆನಪು ಮಾಡಿದ್ದೇ ಈ ಶಾಲೆಯ ಟೀಚರ್, ಒಂಬತ್ತನೇ ಕ್ಲಾಸಿನ ಮೊದಲ ಮೀಟಿಂಗಲ್ಲಿ. ಯುಡಿಐಡಿ, ಅಂದ್ರೆ ಅಂಗವಿಕಲರ ಗುರುತಿನ ಕಾರ್ಡಿಗೂ ಅವಾಗಲೇ ಅರ್ಜಿ ಹಾಕಿಸಿದ್ರು. ಮಕ್ಕಳಿಗೆ ಪರೀಕ್ಷೆ ಬರೆದುಕೊಡುವವರನ್ನು ತಕೊಳ್ಳಬಹುದು, ಆದ್ರೆ ಬರೆಯುವವರು ಕೆಳಗಿನ ಕ್ಲಾಸಿನವರೇ ಆಗಬೇಕು. ಸಮಯವೂ ಜಾಸ್ತಿ ಸಿಗ್ತದೆ, ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕಮ್ಮಿ ಅಂದ್ರೂ 20 ನಿಮಿಷ ಅಂತ ಇತ್ತು.

ಇದೆಲ್ಲ ಕಾಗದದ ಕೆಲಸ, ಇದನ್ನು ಬೇರೆ ಶಾಲೆಯೂ ಮಾಡಬಹುದು. ಈ ಶಾಲೆ ಮಾಡಿದ್ದು ಇನ್ನೊಂದು. ಹೇಳಿ ಬರೆಸುದು ಕೂಡಾ ಒಂದು ವಿದ್ಯೆ ಅಂತ ಅವರಿಗೆ ಗೊತ್ತಿತ್ತು. ಉತ್ತರ ತಲೆಯಲ್ಲಿ ಇದ್ರೆ ಸಾಲದು, ಅದನ್ನು ಇನ್ನೊಬ್ಬಳ ಕೈಗೆ ದಾಟಿಸಬೇಕು, ಅವಳು ಬರೆಯುವ ಸ್ಪೀಡಿಗೆ ತಾನು ನಿಲ್ಲಿಸಿ ನಿಲ್ಲಿಸಿ ಹೇಳಬೇಕು, ಗಣಿತದಲ್ಲಿ ಎಕ್ಸ್ ಸ್ಕ್ವೇರ್ ಎಲ್ಲಿ ಮುಗೀತು, ಬ್ರ್ಯಾಕೆಟ್ ಎಲ್ಲಿ ಶುರು, ಭಾಗಾಕಾರದ ಗೆರೆ ಎಲ್ಲಿವರೆಗೆ ಅಂತ ಎಲ್ಲ ಬಾಯಲ್ಲೇ. ಮೊದಲ ದಿನ ಅವನು ಗಡಗಡ ಅಂತ ಹೇಳಿ ಮುಗಿಸಿದ, ಬರೆದುಕೊಡುವ ಹುಡುಗಿ ಎರಡನೇ ಗೆರೆಯಲ್ಲೇ ಇದ್ದಳು. ಹಾಗಾಗಿ ನವೆಂಬರಿಂದಲೇ ಇಬ್ಬರನ್ನೂ ವಾರಕ್ಕೆ ಎರಡು ದಿನ ಲೈಬ್ರರಿಯಲ್ಲಿ ಕೂರಿಸಿ ಪ್ರಾಕ್ಟೀಸ್ ಮಾಡಿಸಿದ್ರು. ಒಂಬತ್ತನೇ ಕ್ಲಾಸಿನ ಹುಡುಗಿ, ಅಕ್ಷರ ಮುತ್ತಿನ ಹಾಗೆ. ಅವಳು ತಾನಾಗಿ ಒಂದು ಶಬ್ದ ಸೇರಿಸ್ಲಿಕ್ಕಿಲ್ಲ, ಅವನು ತಪ್ಪು ಹೇಳಿದ್ರೂ ತಪ್ಪೇ ಬರೀಬೇಕು, ಅದು ನಿಯಮ, ಒಂದು ದಿನ ಅವನು ತಪ್ಪು ಹೇಳ್ತಾ ಇದ್ದಾನೆ ಅಂತ ಗೊತ್ತಿದ್ದೂ ಬರೆದದ್ದಕ್ಕೆ ಅವಳ ಕಣ್ಣಲ್ಲಿ ನೀರು ಬಂದಿತ್ತಂತೆ. ಪರೀಕ್ಷೆ ದಿನ ಇಬ್ಬರೂ ಒಟ್ಟಿಗೆ ಬಸ್ಸಲ್ಲಿ ಸೆಂಟರಿಗೆ ಹೋಗುದು, ಬರುದು. ನಾನು ದುಡ್ಡು ಕೊಡ್ಲಿಕ್ಕೆ ಹೋದೆ, ಅವಳ ಅಮ್ಮ ಕೈ ಹಿಡಿದು, “ಎಂತ ಅಕ್ಕ ನೀವು, ನಾಳೆ ಇವಳಿಗೆ ಯಾರಾದ್ರೂ ಬೇಕಾಗ್ಲಿಕ್ಕಿಲ್ವಾ” ಅಂದ್ರು. ಆಮೇಲೆ ಒಂದು ಬಣ್ಣದ ಪೆನ್ಸಿಲಿನ ದೊಡ್ಡ ಬಾಕ್ಸ್ ತಂದು ಕೊಟ್ಟೆ, ಅದನ್ನು ತಕೊಂಡಳು.

625ಕ್ಕೆ 371. ಮನೆಯಲ್ಲಿ ಪಾಯಸ ಮಾಡಿದ್ದೇವೆ.

ಈಗ ಸರಿ ಇಲ್ಲದ್ದು. ವೀಲ್ ಚೇರ್ ಹೋಗುವ ಟಾಯ್ಲೆಟ್ ಒಂದು ಉಂಟು, ಆದ್ರೆ ತುಂಬ ಸಮಯ ಅದರೊಳಗೆ ವಾಲಿಬಾಲ್ ನೆಟ್ಟು, ಹರ್ಡಲ್ಸು, ಹಳೇ ಬೆಂಚು ತುಂಬಿಸಿ ಬೀಗ ಹಾಕಿದ್ರು. ಆ ಹುಡುಗನ ಅಮ್ಮ ಪ್ರತಿ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಬಂದು ಅವನನ್ನು ಎತ್ತಿಕೊಂಡು ಹೋಗಬೇಕಿತ್ತು, ಅವನು ನೀರು ಕುಡಿಯುದೇ ಬಿಟ್ಟಿದ್ದ. ನಾನು ಜೋರು ಮಾತಾಡಿದ್ದು ಇದಕ್ಕೇ. 24 ಅಡಿಯ ರ‍್ಯಾಂಪ್ ಕಟ್ಟಿದ ಶಾಲೆಯಲ್ಲಿ ಇದು ಆಗಬಾರದಿತ್ತು. ಈಗ ಖಾಲಿ ಮಾಡಿದ್ದಾರೆ, ಕೀ ಬಾಗಿಲ ಬದಿಗೇ ತೂಗಿಸಿದ್ದಾರೆ. ಕಂಪ್ಯೂಟರ್ ಲ್ಯಾಬ್ ಮಾತ್ರ ಈಗಲೂ ಆರ್‌ಸಿಸಿ ಕಟ್ಟಡದ ಮೇಲಿನ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ, ಅವನಿಗೆ ಒಂದು ಲ್ಯಾಪ್‌ಟಾಪ್ ಕೆಳಗೆ ತಂದು ಕೊಡ್ತಾರೆ, ಒಬ್ಬನೇ ಕೂತು ಮಾಡಬೇಕು. ಲ್ಯಾಬನ್ನೇ ಕೆಳಗೆ ತನ್ನಿ ಅಂತ ನಾವು ಹೇಳ್ತಾ ಇದ್ದೇವೆ, ವಯರಿಂಗಿಗೆ ದುಡ್ಡಿಲ್ಲ ಅಂತ ಮುಂದೆ ಹೋಗ್ತಾ ಉಂಟು. ವಿಶೇಷ ಮಕ್ಕಳಿಗೆ ಅಂತ ಬಿಆರ್‌ಸಿಯಿಂದ, ಅಂದ್ರೆ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ, ಬರುವ ಸಂಪನ್ಮೂಲ ಶಿಕ್ಷಕರು ಒಳ್ಳೆಯವರು, ಆದ್ರೆ ಅವರಿಗೆ ಎಷ್ಟೋ ಶಾಲೆ, ಯಾವಾಗ ಬರ್ತಾರೆ ಅಂತ ಮೊದಲೇ ಗೊತ್ತಾಗುದಿಲ್ಲ, ಬಂದ ದಿನ ಮಗು ರಜೆ ಹಾಕಿದ್ರೆ ಮತ್ತೆ ಕಾಯಬೇಕು. ಸಂಜೆಯ ಯಕ್ಷಗಾನ, ತ್ರೋಬಾಲ್ ಎಲ್ಲ ಮುಗಿಯುವಾಗ ಐದೂವರೆ ದಾಟ್ತದೆ, ಒಳಗಿನ ರೂಟಿಗೆ ಆಮೇಲೆ ಬಸ್ಸು ಕಮ್ಮಿ, ದೂರದ ಹೆಣ್ಣು ಮಕ್ಕಳು ಅದಕ್ಕೇ ಬಿಡ್ತಾರೆ. ಬೆಳಿಗ್ಗೆ ಹೊತ್ತು ಪ್ರಾಕ್ಟೀಸ್ ಇಟ್ರೆ ಆಗ್ತಿತ್ತು. ಹಿಂದಿಯಲ್ಲಿ ನನ್ನ ಮಗನಿಗೆ ಸಿಕ್ಕಿದ ಸಹಾಯ ಕಮ್ಮಿ, ಕನ್ನಡದಲ್ಲಿ ಮಾಡಿದ್ದನ್ನು ಅಲ್ಲಿ ಯಾರೂ ಮಾಡಲಿಲ್ಲ, ಇದನ್ನೂ ಹೇಳಬೇಕು.

ಐದು ಸ್ಟಾರಲ್ಲಿ ನಾಲ್ಕೂವರೆ ಕೊಡ್ಲಿಕ್ಕೆ ಇದ್ದಿದ್ರೆ ಕೊಡ್ತಿದ್ದೆ, ಇಲ್ಲದ್ದಕ್ಕೆ ಐದು ಕೊಡ್ತಾ ಇದ್ದೇನೆ, ಲ್ಯಾಬು ಕೆಳಗೆ ಬರುವವರೆಗೆ ಆ ಅರ್ಧ ಸಾಲ ಅಂತ ಇಟ್ಕೊಳ್ಳಿ. ಮಗ ಈಗ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಮಾಡ್ತಾ ಇದ್ದಾನೆ. ಮಾರ್ಕ್ಸ್ ಕಾರ್ಡ್ ತರ್ಲಿಕ್ಕೆ ಹೋದಾಗ ಆಫೀಸಿನ ಹೊರಗೆ ಸಾಧಕರ ಬೋರ್ಡಿಗೆ ಹೊಸ ಹೆಸರು ಬರೀತಾ ಇದ್ರು. ಹೆಚ್ಚು ಮಾರ್ಕು ತೆಗೆದವರು, ಎನ್‌ಎಂಎಂಎಸ್, ತ್ರೋಬಾಲ್, ಯಕ್ಷಗಾನ, ಅದರ ಕೆಳಗೆ ಪರೀಕ್ಷೆ ಬರೆದುಕೊಟ್ಟವರು ಅಂತ ಒಂದು ಸಾಲು, ಅದರಲ್ಲಿ ಆ ಹುಡುಗಿಯ ಹೆಸರು. ಮಗ ಅಲ್ಲೇ ನಿಂತು ಬೆರಳಿಟ್ಟು ಓದಿದ, ಪೈಂಟು ಹಸಿ ಇತ್ತು, ಬೆರಳಿಗೆ ಹಿಡಿಯಿತು.

ಅಡ್ಮಿಶನ್ ಮೇ ಕೊನೆಗೆ ಶುರುವಾಗ್ತದೆ. ಹೋಗುವಾಗ ಟಿಸಿ, ಆಧಾರ್, ಇದ್ರೆ ಯುಡಿಐಡಿ ಕಾರ್ಡು ಮತ್ತೆ ಹಳೇ ಟೆಸ್ಟಿನ ರಿಪೋರ್ಟು ತಕೊಂಡು ಹೋಗಿ, ಮಗುವನ್ನೂ ಕರ್ಕೊಂಡು ಹೋಗಿ, ಅದು ಮುಖ್ಯ. ಮಧ್ಯಾಹ್ನ ಊಟ ಬಡಿಸುವ ಹೊತ್ತಿಗೆ ಹೋಗಬೇಡಿ, ಹೆಡ್ ಟೀಚರ್ ಅಲ್ಲಿಯೇ ನಿಂತಿರ್ತಾರೆ, ಮೂರು ಗಂಟೆ ಮೇಲೆ ಹೋದ್ರೆ ಕೂತು ಮಾತಾಡ್ತಾರೆ.